ವಿಜ್ಞಾನದ ಸಾಕ್ಷ್ಯಚಿತ್ರಕ್ಕೆ ಒಂದು ಮಳೆಗಾಲ, ಒಂದು ಬೇಸಿಗೆ ಬೇಕು

ಮಾನ್ಯ ಸಂಪಾದಕರೇ,

ಟಿ.ವಿ. ಪರದೆಯ ಮೇಲೆ ಉತ್ತರ ಕನ್ನಡ ಕಾಣಿಸಿಕೊಳ್ಳುವುದಕ್ಕೂ ಒಂದು ಹಂಗಾಮಿದೆ. ಗುಡ್ಡ ಕುಸಿಯಬೇಕು, ಸೇತುವೆ ಬೀಳಬೇಕು, ಇಲ್ಲವೇ ಕದ್ರಾ ಅಣೆಕಟ್ಟಿನ ಗೇಟು ತೆಗೆಯಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿ ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಿ ಗಂಗಾವಳಿ ನದಿಗೆ ಬಿತ್ತು. ಮೂರು ವಾರ ಕಳೆದು, ಆಗಸ್ಟ್ 7ರ ನಡುರಾತ್ರಿಯ ಹೊತ್ತಿಗೆ, ಕಾರವಾರ–ಸದಾಶಿವಗಡದ ನಡುವಿನ ಕಾಳಿ ಹಳೆ ಸೇತುವೆ ಮುರಿದು ಬಿತ್ತು. ಕ್ಯಾಮೆರಾಗಳು ಬಂದವು, ದಿನಗಟ್ಟಲೆ ನಿಂತವು. ಅದು ಸುದ್ದಿ; ಅದಕ್ಕೆ ನಮ್ಮ ತಕರಾರಿಲ್ಲ. ತಕರಾರು ಇರುವುದು ಆಮೇಲೆ ಬರುವ ಸರಕಿನ ಮೇಲೆ. ಅವೇ ತುಣುಕುಗಳನ್ನು ಹಿಂದುಮುಂದು ಜೋಡಿಸಿ, ನಗಾರಿ ಬಡಿದು, ಡ್ರೋನಿನಿಂದ ಗುಡ್ಡವನ್ನು ನಾಲ್ಕು ಸುತ್ತು ಸುತ್ತಿಸಿ, ‘ವಿಜ್ಞಾನ ಏನು ಹೇಳುತ್ತದೆ?’ ಎಂಬ ಹಣೆಪಟ್ಟಿ ಹಚ್ಚಿ ಅರ್ಧ ಗಂಟೆ ಓಡಿಸುತ್ತಾರೆ. ವಿಜ್ಞಾನ ಹೇಳುವುದನ್ನು ಕೇಳಿಸಿಕೊಳ್ಳುವಷ್ಟು ಹೊತ್ತು ಯಾರೂ ಅಲ್ಲಿ ಕೂತಿರುವುದಿಲ್ಲ.

ನಮ್ಮ ಮಾತು ಇಷ್ಟೇ: ಈ ಜಿಲ್ಲೆಯಲ್ಲಿ ವಿಜ್ಞಾನದ ಸಾಕ್ಷ್ಯಚಿತ್ರ ಮಾಡುವವರು ಕಡೇಪಕ್ಷ ಒಂದು ಬೇಸಿಗೆ, ಒಂದು ಮಳೆಗಾಲ ಚಿತ್ರೀಕರಿಸಬೇಕು. ಇಲ್ಲಿನ ಯಾವ ಸಂಗತಿಯೂ ಮೂರು ದಿನದಲ್ಲಿ ನಡೆಯುವುದಿಲ್ಲ. ಮೂರು ದಿನದಲ್ಲಿ ಕಾಣುವುದು ಅದರ ಕೊನೆ ಮಾತ್ರ.

ಗುಡ್ಡವನ್ನೇ ತೆಗೆದುಕೊಳ್ಳಿ. ಕರಾವಳಿಯ ಬಹಳಷ್ಟು ಗುಡ್ಡಗಳಲ್ಲಿ ಮೇಲೆ ಕೆಂಪು ಜಂಬಿಟ್ಟಿಗೆ ಮಣ್ಣು, ಅದರಡಿ ಚಿರೆಕಲ್ಲು, ಅದರಡಿ ಬಿಳಿ–ಗುಲಾಬಿ ಬಣ್ಣದ ಶೇಡಿ ಮಣ್ಣು, ಕೊನೆಗೆ ಗಟ್ಟಿ ಬಂಡೆ. ಚಿರೆಕಲ್ಲಿನ ಮೈತುಂಬ ತೂತು; ನೀರು ಸರಾಗವಾಗಿ ಇಳಿಯುತ್ತದೆ. ಶೇಡಿಗೆ ಬಂದು ನಿಲ್ಲುತ್ತದೆ. ಒಣಗಿದ್ದಾಗ ಶೇಡಿ ಮಣ್ಣು ಪಿಕಾಸಿಗೂ ಜಗ್ಗದಷ್ಟು ಬಿಗಿ, ನೆಂದರೆ ಕೈಯಲ್ಲಿ ಹಿಸುಕಬಹುದಾದಷ್ಟು ಮೆತ್ತಗೆ. ಬೇಸಿಗೆಯಲ್ಲಿ ರಸ್ತೆಗೋ ಮನೆಗೋ ಗುಡ್ಡ ಕಡಿದವರಿಗೆ ಧರೆ (ಕಡಿದುಳಿದ ಮಣ್ಣಿನ ಮೈ) ಗೋಡೆಯ ಹಾಗೆ ನೆಟ್ಟಗೆ ನಿಂತದ್ದು ಕಾಣುತ್ತದೆ, ಸಮಾಧಾನವಾಗುತ್ತದೆ. ಆ ಸಮಾಧಾನವೇ ಮೋಸ. ಸಾಕ್ಷ್ಯಚಿತ್ರ ಮೊದಲು ಚಿತ್ರೀಕರಿಸಬೇಕಾದದ್ದು ಏಪ್ರಿಲಿನ ಆ ಒಣ ಗೋಡೆಯನ್ನು. ಜುಲೈನಲ್ಲಿ ಬಂದವರಿಗೆ ಅದು ಸಿಗುವುದಿಲ್ಲ.

‘ಮಳೆಗೆ ಮಣ್ಣು ಸಡಿಲವಾಗಿ ಕುಸಿಯಿತು’ ಎಂದು ಟಿ.ವಿ.ಯಲ್ಲಿ ಹೇಳುತ್ತಾರಲ್ಲ, ಅದು ಅರ್ಧ ಸತ್ಯ. ಮಣ್ಣಿನ ಕಣಗಳು ಒಂದನ್ನೊಂದು ಒತ್ತಿಕೊಂಡು ಕೂತಿರುವುದರಿಂದ ಇಳಿಜಾರು ನಿಂತಿರುತ್ತದೆ. ಸಂದುಗಳಲ್ಲಿ ನೀರು ತುಂಬಿ ಹೊರಹೋಗಲು ದಾರಿ ಇಲ್ಲದಾದಾಗ ಆ ನೀರೇ ಒಳಗಿನಿಂದ ಒತ್ತಿ ಕಣಗಳ ಭಾರವನ್ನು ಎತ್ತಿಕೊಡುತ್ತದೆ. ಒತ್ತಿಕೊಳ್ಳುವುದು ತಗ್ಗಿದರೆ ಹಿಡಿತ ತಗ್ಗಿತು. ಮರಳು ಮಿಶ್ರಿತ ಮಣ್ಣು ಪೂರ್ತಿ ನೆಂದು, ನೀರು ಇಳಿಜಾರಿನ ಗುಂಟ ಹರಿಯತೊಡಗಿದಾಗ ಹಿಡಿತ ಒಣಗಿದ್ದಾಗಿನ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಭಾರ ಏರಿರುತ್ತದೆ. ಒಂದು ಎಕರೆ ಮೇಲೆ 100 ಮಿ.ಮೀ. ಮಳೆ ಎಂದರೆ ಸುಮಾರು 4 ಲಕ್ಷ ಲೀಟರ್ ನೀರು. 5,000 ಲೀಟರಿನ ಟ್ಯಾಂಕರಿನಲ್ಲಿ 80 ಸಲ ತಂದು ಸುರಿದಷ್ಟು, 400 ಟನ್ ತೂಕ. ಎಲ್ಲವೂ ಒಳಗಿಳಿಯುವುದಿಲ್ಲ, ನಿಜ. ಕಾಲುಭಾಗ ಇಳಿದರೂ ನೂರು ಟನ್ನಾಯಿತು. ಇಂಥ ಗುಡ್ಡದ ಬುಡವನ್ನು ಹೆದ್ದಾರಿಗಾಗಿ ಕಡಿದಿದ್ದರೆ ಅದನ್ನು ತಡೆದು ನಿಲ್ಲಿಸುವ ಕಾಲೇ ಇಲ್ಲ. ಇದಿಷ್ಟನ್ನು ಡ್ರೋನ್ ತೋರಿಸಲಾರದು. ಡ್ರೋನಿಗೆ ಕಾಣುವುದು ಗುಡ್ಡದ ತಲೆ. ಕಥೆ ಇರುವುದು ಹೊಟ್ಟೆಯಲ್ಲಿ.

ಹೊಟ್ಟೆಯನ್ನು ತೋರಿಸುವುದು ದುಬಾರಿ ಗ್ರಾಫಿಕ್ಸಿನ ಕೆಲಸವಲ್ಲ. ಒಂದು ಗಾಜಿನ ಮೀನಿನ ತೊಟ್ಟಿ ಸಾಕು: ಉದ್ದ 60, ಅಗಲ 30, ಎತ್ತರ 40 ಸೆಂ.ಮೀ. ಒಳಗೆ ಹದವಾಗಿ ಕಲಸಿದ ಜೇಡಿ ಮಣ್ಣನ್ನು ಇಳಿಜಾರಾಗಿ ಬಡಿದು ಕೂರಿಸಬೇಕು. ಹಿಂದಿನ ಗೋಡೆಯ ಹತ್ತಿರ 18 ಸೆಂ.ಮೀ. ಎತ್ತರ, ಅಲ್ಲಿಂದ 50 ಸೆಂ.ಮೀ. ಮುಂದೆ ಬರುವಷ್ಟರಲ್ಲಿ ಸೊನ್ನೆ. ಇಳಿಜಾರು 20 ಡಿಗ್ರಿ ಆಸುಪಾಸು ಆಯಿತು. ಮುಂದೆ ಉಳಿದ 10 ಸೆಂ.ಮೀ. ಜಾಗ ರಸ್ತೆ. ಜೇಡಿಯ ಮೇಲೆ ಸಮನಾಗಿ 8 ಸೆಂ.ಮೀ. ಹೊಳೆ ಮರಳು. ಗಾಜಿಗೆ ತಾಗುವ ಕಡೆ ಮರಳಿನ ನಡುವೆ ಸುಣ್ಣದ ಪುಡಿಯ ತೆಳು ಗೆರೆ ಎಳೆದರೆ ಎಲ್ಲಿ ಜಾರಿತು ಎಂಬುದು ಕ್ಯಾಮೆರಾಕ್ಕೆ ಸ್ಪಷ್ಟ ಕಾಣುತ್ತದೆ. ಸಸಿಗೆ ನೀರು ಹನಿಸುವ ಝಾರಿಯಿಂದ ನಿಧಾನ ನೀರು ಬಿಡಬೇಕು. ಇಷ್ಟು ಮರಳಿನ ಸಂದುಗಳು ತುಂಬಲು ಐದು ಲೀಟರಿನಷ್ಟು ನೀರು ಬೇಕಾಗುತ್ತದೆ. ಒಣಗಿದ್ದಾಗ ನಿಂತದ್ದು ನೆಂದಾಗ ಜಾರುತ್ತದೆ. ಎರಡನೇ ಸಲ, ನೀರು ಹಾಕುವ ಮೊದಲೇ ರಸ್ತೆ ಬದಿಯ ಬುಡದ ಮರಳನ್ನು ಕರಣೆಯಿಂದ ಕಡಿದು ತೆಗೆದು ನೋಡಿ: ಬೇಗ ಜಾರುತ್ತದೆ. ಮೂರನೇ ಸಲ, ಜೇಡಿ–ಮರಳು ಕೂಡುವಲ್ಲಿ ತೂತು ಕೊರೆದ ಸಣ್ಣ ಪಿವಿಸಿ ಪೈಪು ಮಲಗಿಸಿ, ಬಾಯಿಯನ್ನು ರಸ್ತೆಗೆ ತೆರೆದಿಡಿ. ನೀರು ಪೈಪಿನಿಂದ ಹೊರಬರುತ್ತದೆ, ಗುಡ್ಡ ಹೆಚ್ಚು ಹೊತ್ತು ತಡೆಯುತ್ತದೆ. ತಡೆಗೋಡೆ ಕಟ್ಟಿ ನೀರು ಹೋಗುವ ತೂತು ಬಿಡದವರಿಗೆ ಇದಕ್ಕಿಂತ ಒಳ್ಳೆ ಪಾಠ ಬೇರೆ ಬೇಕಿಲ್ಲ.

ಕೆಡುವುದು ಎಲ್ಲಿ ಎಂದೂ ಹೇಳಬೇಕು. ಕಡಲ ದಂಡೆಯ ನಯವಾದ ಉಸುಕು ಹಾಕಿದರೆ ಅದು ತನ್ನೊಳಗೆ ನೀರು ಹಿಡಿದುಕೊಂಡು ಬೇರೆಯದೇ ರೀತಿ ವರ್ತಿಸುತ್ತದೆ. ತೀರ ದೊರಗು ಜಲ್ಲಿಯಾದರೆ ನೀರು ನಿಲ್ಲದೆ ಹರಿದು ಏನೂ ಆಗುವುದಿಲ್ಲ. ಗಾಜಿನ ಅಂಚಿನ ಗುಂಟ ನೀರು ನುಗ್ಗಿ ಅಲ್ಲೇ ಮೊದಲು ಕೊರೆಯುವುದು ಸಾಮಾನ್ಯ. ಅದು ಗುಡ್ಡದ ಗುಣವಲ್ಲ, ತೊಟ್ಟಿಯ ಗುಣ. ಜೇಡಿಯನ್ನು ಗಾಜಿಗೆ ಒತ್ತಿ ಮೆತ್ತಿ, ನೀರನ್ನು ನಡುವೆ ಮಾತ್ರ ಹನಿಸಿದರೆ ತಪ್ಪುತ್ತದೆ. ಇಷ್ಟೆಲ್ಲ ಸರಿಯಾದರೂ ಇದು ಮಾದರಿ, 60 ಸೆಂ.ಮೀ. ತೊಟ್ಟಿ ಮತ್ತು 60 ಮೀಟರ್ ಗುಡ್ಡದ ಲೆಕ್ಕ ಒಂದೇ ಅಲ್ಲ. ಆ ಮಾತು ನಿರೂಪಣೆಯಲ್ಲಿ ಬರಲೇಬೇಕು.

ನಿಜವಾದ ಗುಡ್ಡದ ಮೇಲೆ ಮಾಡಬೇಕಾದದ್ದು ಇನ್ನೂ ಸುಲಭ, ಆದರೆ ಪುರುಸೊತ್ತು ಬೇಡುತ್ತದೆ. ಒಂದು ಕಡಿದ ಧರೆ ಆರಿಸಿಕೊಂಡು, ಎದುರಿಗೆ ಸುರಕ್ಷಿತ ಜಾಗದಲ್ಲಿ ಕಬ್ಬಿಣದ ಗೂಟ ಹೊಡೆದು, ಗೂಟದ ಮೇಲೆ ಅದೇ ಎತ್ತರಕ್ಕೆ, ಅದೇ ಲೆನ್ಸಿನಲ್ಲಿ, ವಾರಕ್ಕೊಮ್ಮೆ ಅದೇ ದಿನ ಒಂದು ಫೋಟೊ. ವರ್ಷಕ್ಕೆ 52. ಜೋಡಿಸಿ ಓಡಿಸಿದರೆ ಹತ್ತು ಸೆಕೆಂಡ್ ಆಗುತ್ತದೆ, ಅಷ್ಟರಲ್ಲಿ ಗಿಡದ ಬುಡ ಓರೆಯಾದದ್ದು, ಬಿರುಕು ಬಾಯಿಬಿಟ್ಟದ್ದು ಕಾಣುತ್ತದೆ. ಮೇಲ್ಭಾಗದ ಬಿರುಕಿನ ಎರಡೂ ಬದಿಗೆ ಗೂಟ ನೆಟ್ಟು ಟೇಪಿನಿಂದ ಅಳೆದು ಬರೆದಿಡಬೇಕು. ಮನೆಯ ಗೋಡೆಯ ಬಿರುಕಾದರೆ ಅಡ್ಡಲಾಗಿ ಗಾಜಿನ ಪಟ್ಟಿಯನ್ನು ಸಿಮೆಂಟಿನಲ್ಲಿ ಅಂಟಿಸುವುದು ಹಳೆಯ ಉಪಾಯ. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ. ಗುಡ್ಡದ ಕೆಳಗಿನ ಬಾವಿಯ ನೀರಿನ ಮಟ್ಟ, ಒರತೆಯ ನೀರಿನ ಬಣ್ಣ ಇವೂ ಬೇಕು. ವರ್ಷವೂ ತಿಳಿಯಾಗಿ ಹರಿಯುತ್ತಿದ್ದ ಒರತೆ ಒಮ್ಮೆಲೇ ರಾಡಿಯಾದರೆ, ಅಥವಾ ಮಳೆ ಜೋರಾಗಿರುವಾಗಲೇ ಬತ್ತಿದರೆ, ಒಳಗೆ ಮಣ್ಣು ಅಲುಗಿದೆ ಎಂದರ್ಥ. ಆಗ ಕ್ಯಾಮೆರಾ ಹಿಡಿದು ನಿಲ್ಲುವುದಲ್ಲ, ಜನರನ್ನು ಎಬ್ಬಿಸಿ ಹೊರಡಿಸುವುದು.

ಇನ್ನೊಂದು ರೋಗ ನಕ್ಷೆಯದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಮಾಡಿದ ಭೂಕುಸಿತ ಸಾಧ್ಯತೆಯ ನಕ್ಷೆಗಳು ಸಾರ್ವಜನಿಕವಾಗಿ ಸಿಗುತ್ತವೆ, ಒಳ್ಳೆಯದೇ. ಆದರೆ ಅವುಗಳ ಅಳತೆ 1:50,000. ಎಂದರೆ ನಕ್ಷೆಯ ಮೇಲಿನ ಒಂದು ಸೆಂ.ಮೀ. ನೆಲದ ಮೇಲೆ ಅರ್ಧ ಕಿ.ಮೀ. ಅದನ್ನು ಪರದೆ ತುಂಬ ಹಿಗ್ಗಿಸಿ, ಕೆಂಪು ಚುಕ್ಕೆಯ ಮೇಲೆ ಬಾಣ ಇಟ್ಟು, ‘ಈ ಊರು ಅಪಾಯದಲ್ಲಿ’ ಎನ್ನುವುದು ಆ ನಕ್ಷೆ ಹೇಳದ ಮಾತು. ಯಾವ ಧರೆ, ಯಾರ ಮನೆ ಎನ್ನುವುದಕ್ಕೆ ಸ್ಥಳದಲ್ಲೇ ಅಳೆಯಬೇಕು. ಅಡ್ಡಕೊಯ್ತದ ಚಿತ್ರಗಳಲ್ಲೂ ಇದೇ ಹಣೆಬರಹ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಕುಮಟಾ ದಂಡೆಗೆ ನೇರ ಗೆರೆ ಎಳೆದರೆ ಸುಮಾರು 50 ಕಿ.ಮೀ. ಒಂದು ಮೀಟರ್ ಅಗಲದ ಪರದೆಯಲ್ಲಿ ಇದನ್ನು ಸರಿಯಾದ ಅಳತೆಗೆ ಬರೆದರೆ ಘಟ್ಟದ ಎತ್ತರ ಬರೀ 1.2 ಸೆಂ.ಮೀ.! ಯಾರೂ ಹಾಗೆ ಬರೆಯುವುದಿಲ್ಲ, ಎತ್ತರವನ್ನು ಹತ್ತಿಪ್ಪತ್ತು ಪಟ್ಟು ಹಿಗ್ಗಿಸುತ್ತಾರೆ. ಹಿಗ್ಗಿಸಲಿ. ಎಷ್ಟು ಪಟ್ಟು ಎಂದು ಮೂಲೆಯಲ್ಲಿ ಬರೆಯಲಿ.

ಋತುವಿನ ಮಾತು ಗುಡ್ಡಕ್ಕೆ ಮಾತ್ರವಲ್ಲ. ಸಿದ್ದಾಪುರ ಕಡೆಯ ಮಂಗನ ಕಾಯಿಲೆಯ ಬಗ್ಗೆ ಬರುವ ಕಾರ್ಯಕ್ರಮಗಳನ್ನು ನೋಡಿ: ಸತ್ತ ಮಂಗ, ಆಸ್ಪತ್ರೆಯ ಮಂಚ, ಮತ್ತೆ ಸತ್ತ ಮಂಗ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಮನುಷ್ಯರಿಗೆ ಹರಡುವುದು ಉಣುಗಿನಿಂದ (ಉಣ್ಣೆ ಹುಳದಿಂದ). ಮಂಗವೂ ನಮ್ಮ ಹಾಗೆಯೇ ಅದಕ್ಕೆ ಬಲಿಯಾಗುವ ಪ್ರಾಣಿ. ಹೆಸರೇ ದಾರಿ ತಪ್ಪಿಸುತ್ತದೆ, ಟಿ.ವಿ. ಇನ್ನಷ್ಟು ತಪ್ಪಿಸುತ್ತದೆ. ಉಣುಗಿನ ದೊಡ್ಡ ಹುಳ ಮಳೆಗಾಲದಲ್ಲಿ, ಮಳೆ ಮುಗಿದ ಮೇಲೆ ಮರಿ, ಅಲ್ಲಿಂದ ಬೇಸಿಗೆವರೆಗೆ ಎಳೆಯ ಹುಳ. ಈ ಎಳೆಯ ಹುಳವೇ ಹೆಚ್ಚಾಗಿ ಮನುಷ್ಯರಿಗೆ ಕಚ್ಚುವುದು. ಅದಕ್ಕೇ ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇವರೆಗೆ. ತರಗೆಲೆ ಒಟ್ಟುಮಾಡುವ, ಸೊಪ್ಪು–ಸೌದೆಗೆ ಬೆಟ್ಟಕ್ಕೆ ಹೋಗುವ ಕಾಲವೂ ಅದೇ. ಈ ಎರಡು ಪಂಚಾಂಗ ಒಂದರ ಮೇಲೊಂದು ಕೂರುವುದನ್ನು ತೋರಿಸಿದರೆ ಅರ್ಧ ಕೆಲಸ ಆಯಿತು. ಎಳೆಯ ಹುಳ ಒಂದು ಮಿ.ಮೀ. ಆಸುಪಾಸು, ಮ್ಯಾಕ್ರೋ ಲೆನ್ಸ್ ಇಲ್ಲದೆ ಸಿಗದು. ಪಕ್ಕದಲ್ಲಿ ಸಾಸಿವೆ ಕಾಳು ಇಡಿ. ಬರಿದೇ ಹಿಗ್ಗಿಸಿ ತೋರಿಸಿದರೆ ಜನ ಏಡಿಯಷ್ಟು ದೊಡ್ಡ ಹುಳ ಹುಡುಕುತ್ತಾರೆ, ಮೈಮೇಲಿರುವುದನ್ನು ಬಿಡುತ್ತಾರೆ.

ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು. ಅಂದಿನಿಂದ ಹಕ್ಕಿ, ಸೂರ್ಯಾಸ್ತ, ದೋಣಿ ಚೆನ್ನಾಗಿಯೇ ಬರುತ್ತಿವೆ. ಬಳಚು (ತಿನ್ನುವ ಚಿಪ್ಪು) ಏಕೆ ಅಲ್ಲೇ ಬೆಳೆಯುತ್ತದೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಉಪ್ಪು ನೀರನ್ನು ಹೇಗೆ ತಡೆದುಕೊಳ್ಳುತ್ತದೆ ಎಂಬುದು ಬರುತ್ತಿಲ್ಲ. ಅದರ ಬೀಗದ ಕೈ ಉಪ್ಪಿನ ಪ್ರಮಾಣದಲ್ಲಿದೆ. ಕಡಲ ನೀರಿನಲ್ಲಿ ಸಾವಿರ ಗ್ರಾಂಗೆ 35 ಗ್ರಾಂ ಉಪ್ಪು. ಜುಲೈನ ನೆರೆಯಲ್ಲಿ ಅಳಿವೆಯ ಮೇಲ್ನೀರು ಸಿಹಿಗೆ ಹತ್ತಿರ, ಮೇ ತಿಂಗಳಲ್ಲಿ ಕಡಲಿಗೆ ಹತ್ತಿರ. ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರಿಗೆ ಎರಡು ಹನಿ ನೀರು ಬಿಟ್ಟು ಬೆಳಕಿಗೆ ಹಿಡಿದರೆ ಅಂಕಿ ಕಾಣುತ್ತದೆ. ಒಂದೇ ಜಾಗದಲ್ಲಿ ತಿಂಗಳಿಗೊಮ್ಮೆ ಅದನ್ನು ಚಿತ್ರಿಸಿಕೊಳ್ಳಲಿ. ಮೊದಲು ಬಟ್ಟಿ ಇಳಿಸಿದ ನೀರಿನಿಂದ ಸೊನ್ನೆಗೆ ಹೊಂದಿಸದಿದ್ದರೆ ಎಲ್ಲ ಅಂಕಿಯೂ ಸುಳ್ಳು. ಇನ್ನೊಂದು ತಪ್ಪು ದೋಣಿಯಿಂದ ಕೈಯದ್ದಿ ಮೇಲಿನ ನೀರು ತೆಗೆಯುವುದು: ಸಿಹಿನೀರು ಹಗುರ, ಮೇಲೆ ತೇಲುತ್ತದೆ, ಬಳಚು ಇರುವುದು ತಳದ ಕೆಸರಿನಲ್ಲಿ. ತಳದ ನೀರನ್ನೇ ಬಾಟಲಿ ಇಳಿಸಿ ತೆಗೆಯಬೇಕು. ಹಾಗೆಯೇ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇಂದು ಬೆಳಿಗ್ಗೆ ಆರಕ್ಕೆ ಬಳಚು ಹೆಕ್ಕುವವರು ಸಿಕ್ಕರೆಂದು ವಾರ ಬಿಟ್ಟು ಅದೇ ಹೊತ್ತಿಗೆ ಬಂದರೆ ಭರತಿ ಎದುರಾಗುತ್ತದೆ. ಕಾರವಾರ ಬಂದರಿನ ಭರತಿ–ಇಳಿತದ ಕೋಷ್ಟಕ ನೋಡಿ ಹೊರಡುವುದು ಲೇಸು.

ಇನ್ನು ಕೈಗಾ. ಅಣುಸ್ಥಾವರದ ಮೇಲೆ ಎರಡೇ ಬಗೆಯ ಕಾರ್ಯಕ್ರಮ ಬರುತ್ತವೆ: ಒಂದು ಹೆದರಿಸುವುದು, ಇನ್ನೊಂದು ಹೊಗಳುವುದು. ಎರಡರಲ್ಲೂ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದು ಇರುವುದಿಲ್ಲ. ಮೊದಲ ಘಟಕ 2016ರ ಮೇಯಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು ಎಂದು ಎಲ್ಲರೂ ಹೇಳಿದರು. ಹೇಗೆ ಸಾಧ್ಯವಾಯಿತು ಎಂದು ಎಷ್ಟು ಜನ ಹೇಳಿದರು? 220 ಮೆಗಾವಾಟಿನ ಈ ಭಾರಜಲ (ಭಾರವಾದ ಹೈಡ್ರೋಜನ್ ಇರುವ ನೀರು) ಸ್ಥಾವರದ ಒಂದೊಂದು ಘಟಕದಲ್ಲಿ 306 ಅಡ್ಡ ಕೊಳವೆಗಳಿವೆ, ಒಂದೊಂದರಲ್ಲಿ 12 ಇಂಧನದ ಕಟ್ಟು. ಸುಟ್ಟ ಕಟ್ಟನ್ನು ಒಂದು ತುದಿಯಿಂದ ಹೊರದೂಡಿ ಇನ್ನೊಂದು ತುದಿಯಿಂದ ಹೊಸದನ್ನು ಸೇರಿಸುವ ಕೆಲಸ ಸ್ಥಾವರ ಓಡುತ್ತಿರುವಾಗಲೇ ನಡೆಯುತ್ತದೆ. ಇಂಧನ ಬದಲಿಸಲು ನಿಲ್ಲಿಸಲೇಬೇಕಾದ ಬೇರೆ ಮಾದರಿಗಳಿಗೆ ಈ ಸೌಲಭ್ಯವಿಲ್ಲ. ದಾಖಲೆಯ ಗುಟ್ಟಿನ ದೊಡ್ಡ ಪಾಲು ಇಲ್ಲಿದೆ. ಒಂದೂವರೆ ನಿಮಿಷದ ಸರಳ ಚಿತ್ರದಲ್ಲಿ ತೋರಿಸಬಹುದಾದದ್ದು.

ದಾಖಲೆ ಹೇಳಿದವರು 1994ರ ಮೇ ತಿಂಗಳನ್ನೂ ಹೇಳಬೇಕು. ಕಟ್ಟುತ್ತಿದ್ದ ಮೊದಲ ಘಟಕದ ಗುಮ್ಮಟದ ಒಳಪದರದ ಕಾಂಕ್ರೀಟು ಕಳಚಿ ಬಿದ್ದದ್ದು ಆಗ. ಇಂಧನ ತುಂಬಿರಲಿಲ್ಲ, ಹಾಗಾಗಿ ವಿಕಿರಣದ ಪ್ರಶ್ನೆ ಬರಲಿಲ್ಲ. ಅದನ್ನೂ ಸೇರಿಸಿಯೇ ಹೇಳಬೇಕು. 2009ರ ನವೆಂಬರಿನಲ್ಲಿ ಸಿಬ್ಬಂದಿಯ ಕುಡಿಯುವ ನೀರಿನ ಕೂಲರಿಗೆ ವಿಕಿರಣ ಸೂಸುವ ಟ್ರಿಟಿಯಂ ಇರುವ ಭಾರಜಲ ಸೇರಿತು. ಟ್ರಿಟಿಯಂ ನೀರಿನ ರೂಪದಲ್ಲೇ ಮೈ ಸೇರುತ್ತದೆ, ನೀರಿನ ರೂಪದಲ್ಲೇ ಹೊರಹೋಗುತ್ತದೆ. ಮೈಯಲ್ಲಿ ಇದ್ದದ್ದು ಅರ್ಧವಾಗಲು ಹತ್ತು ದಿನದ ಆಸುಪಾಸು. ಪತ್ತೆ ಮೂತ್ರ ಪರೀಕ್ಷೆಯಿಂದ. ಇಷ್ಟು ತಿಳಿದ ನೋಡುಗ ಸುಮ್ಮನೆ ಹೆದರುವುದೂ ಇಲ್ಲ, ಸುಮ್ಮನೆ ತಲೆಯಾಡಿಸುವುದೂ ಇಲ್ಲ, ಕೇಳಬೇಕಾದ ಪ್ರಶ್ನೆ ಕೇಳುತ್ತಾನೆ: ಕೂಲರಿಗೆ ಅದು ಬಂದದ್ದಾದರೂ ಹೇಗೆ? ವಿಕಿರಣದ ಅಂಕಿ ತೋರಿಸುವಾಗ ಬೆಕ್ವೆರೆಲ್ ಮತ್ತು ಸೀವರ್ಟ್ ಬೆರೆಸಬಾರದು. ಮೊದಲನೆಯದು ಮೂಲದಿಂದ ಸೆಕೆಂಡಿಗೆ ಎಷ್ಟು ಸಲ ಹೊಮ್ಮಿತು ಎಂಬ ಎಣಿಕೆ, ಎರಡನೆಯದು ಮೈಗೆ ಎಷ್ಟು ತಾಗಿತು ಎಂಬ ಲೆಕ್ಕ. ಸಾರ್ವಜನಿಕರಿಗೆ ಇಂಥ ಸ್ಥಾವರದಿಂದ ವರ್ಷಕ್ಕೆ 1 ಮಿಲಿ ಸೀವರ್ಟ್ ಮೀರಬಾರದು ಎಂಬುದು ಮಿತಿ. ನಿಸರ್ಗದಿಂದಲೇ ಸಿಗುವ ಪಾಲು ಜಗತ್ತಿನ ಸರಾಸರಿಯಲ್ಲಿ 2.4. ಈ ಎರಡನ್ನು ಪಕ್ಕದಲ್ಲಿಡದೆ ಬೇರೆ ಯಾವ ಅಂಕಿ ಕೊಟ್ಟರೂ ಅದು ಬೆದರುಬೊಂಬೆಯೋ ಜಾಹೀರಾತೋ ಆಗುತ್ತದೆ. ಕದ್ರಾ, ಕೊಡಸಳ್ಳಿ ಅಣೆಕಟ್ಟುಗಳಿಗಾಗಿ ಊರು ಬಿಟ್ಟವರ ಮಾತು ಇದರ ಜೊತೆಗೇ ಬರಬೇಕು. ಅದನ್ನು ಬೇರೆ ಕಂತಿಗೆ ದೂಡುವುದು ಬೇಡ. ಸ್ಥಾವರ ತಂಪಾಗುವುದೇ ಕದ್ರಾ ಹಿನ್ನೀರಿನಿಂದ.

ಹಣ ಯಾರದ್ದು ಎಂಬುದು ಶುರುವಿನಲ್ಲೇ ಪರದೆಯ ಮೇಲೆ ಬರಲಿ. ಇದರ ಮೇಲೆ ಹೆಚ್ಚು ಹೇಳುವುದಿಲ್ಲ.

ನಮ್ಮಲ್ಲಿ ಇದು ಆಗದ ಕೆಲಸವೇನಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿ.ವಿ. ತಲುಪಿಸಿದ ‘ಸೈಟ್’ ಪ್ರಯೋಗದಲ್ಲಿ ನಮ್ಮ ಕಲಬುರಗಿ, ರಾಯಚೂರು, ವಿಜಯಪುರದ ಹಳ್ಳಿಗಳೂ ಇದ್ದವು. ಕೋಳಿಗೂಡಿಗೆ ಹಾಕುವ ಬಲೆಯಂಥ ತಂತಿಯ ಮೂರು ಮೀಟರ್ ಆಂಟೆನಾ, ಕೃಷಿ–ಆರೋಗ್ಯ–ವಿಜ್ಞಾನದ ಕಾರ್ಯಕ್ರಮ. ಜನರಿಗೆ ಏನು ತಲುಪಿತು ಎಂದು ತಿಳಿಯಲು ಸಂಶೋಧಕರು ಹಳ್ಳಿಗಳಲ್ಲಿ ಹೋಗಿ ನೆಲೆಸಿದ್ದರು. ಈಗ ಟಿ.ಆರ್.ಪಿ. ಬಿಟ್ಟರೆ ಬೇರೆ ಅಳತೆಯಿಲ್ಲ. 1990ರ ದಶಕದಲ್ಲಿ ದೂರದರ್ಶನದ ‘ಟರ್ನಿಂಗ್ ಪಾಯಿಂಟ್’ ನಡೆಸಿಕೊಟ್ಟವರು ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರು. ಅದರಲ್ಲಿ ನೋಡುಗರ ಪ್ರಶ್ನೆಗಳಿಗೆ ಭೌತವಿಜ್ಞಾನಿ ಯಶಪಾಲ್ ಉತ್ತರಿಸುತ್ತಿದ್ದರು. ಗೊತ್ತಿಲ್ಲದವರು ಕೇಳುವುದಕ್ಕೆ ಅಲ್ಲಿ ಜಾಗವಿತ್ತು. ಈಗಿನ ಚರ್ಚೆಗಳಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು.

ಮಾಡಲು ಹೊರಡುವವರಿಗೆ ಕಸುಬಿನ ನಾಲ್ಕು ಮಾತು. ಅರ್ಧ ಗಂಟೆಯ ಅವಧಿಯಲ್ಲಿ ಜಾಹೀರಾತು ಕಳೆದು ಕೈಗೆ ಸಿಗುವುದು 22 ನಿಮಿಷ. ಅದರಲ್ಲಿ ಅರ್ಧ ಹೊತ್ತು ನಿರೂಪಕ ಬಾಯಿ ಮುಚ್ಚಿರಬೇಕು. ಕನ್ನಡದ ಪದಗಳು ಉದ್ದ. ನಿಮಿಷಕ್ಕೆ 90 ಪದಕ್ಕಿಂತ ಹೆಚ್ಚಾದರೆ ಓದಿದಂತಾಗುವುದಿಲ್ಲ, ಓಡಿದಂತಾಗುತ್ತದೆ. ಎಂದರೆ ಇಡೀ ಸ್ಕ್ರಿಪ್ಟು ಸಾವಿರ ಪದ. ಬೆಂಗಳೂರಿನಿಂದ ಬರುವ ತಂಡ ಕರಾವಳಿಯಲ್ಲಿ ಮೊದಲು ಸೋಲುವುದು ಸೆಖೆಗೆ: ಎ.ಸಿ. ಕಾರಿನಿಂದ ಕ್ಯಾಮೆರಾ ಹೊರತೆಗೆದ ಕೂಡಲೇ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಒರೆಸಿದಷ್ಟೂ ಮತ್ತೆ ಕೂರುತ್ತದೆ. ಚೀಲದ ಜಿಪ್ ತೆರೆಯದೆ ಅರ್ಧ ಗಂಟೆ ಹೊರಗಿಟ್ಟರೆ ತಾನಾಗಿ ಸರಿಹೋಗುತ್ತದೆ. ಮಳೆಗಾಲದಲ್ಲಿ ಲೆನ್ಸಿಗೆ ಬೂಸಲು ಹಿಡಿಯಲು ಬಹಳ ದಿನ ಬೇಡ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಅದರ ಬಣ್ಣ ಬದಲಾದಾಗ ಬಾಣಲೆಯಲ್ಲಿ ಬಿಸಿಮಾಡಿ ಒಣಗಿಸುವುದು, ಇಷ್ಟು ತಪ್ಪಬಾರದು. ಕಡಲ ಗಾಳಿಯ ಉಪ್ಪನ್ನು ಒಣಬಟ್ಟೆಯಿಂದ ಉಜ್ಜಿದರೆ ಗಾಜಿಗೆ ಗೀರು. ಮೊದಲು ಗಾಳಿ ಊದಿ, ಆಮೇಲೆ ಲೆನ್ಸಿನ ದ್ರಾವಣ. ಟ್ಯೂಬ್‌ಲೈಟಿನ ಅಡಿಯಲ್ಲಿ ಶಟರ್ 1/50ರಲ್ಲಿರಲಿ, 1/60 ಇಟ್ಟರೆ ನಮ್ಮ 50 ಹರ್ಟ್ಸ್ ಕರೆಂಟಿಗೆ ಚಿತ್ರ ಮಿಣುಕುತ್ತದೆ. ವಿಜ್ಞಾನಿಯನ್ನು ಮಾತಾಡಿಸುವ ಮೊದಲು ತಲೆಯ ಮೇಲಿನ ಫ್ಯಾನು ಆರಿಸಿ. ಮೈಕು ಗದ್ದದಿಂದ ಒಂದು ಗೇಣು ಕೆಳಗೆ. ಡ್ರೋನಿಗೆ ಹಸಿರು ವಲಯದಲ್ಲಿ 400 ಅಡಿ ಮಿತಿ. ನೌಕಾನೆಲೆ, ಕೈಗಾ ಕಡೆ ಕೇಂದ್ರದ ಅನುಮತಿ ಇಲ್ಲದೆ ಹಾರಿಸುವ ಯೋಚನೆಯೇ ಬೇಡ.

ಭಾಷೆಯ ವಿಷಯ. ಕಾರವಾರದ ಮೀನುಗಾರ ಮಹಿಳೆಯಿಂದ ಗ್ರಂಥಸ್ಥ ಕನ್ನಡ ಹೇಳಿಸುವುದು, ಹಾಲಕ್ಕಿಯವರ ಮಾತಿನ ಮೇಲೆ ಬೆಂಗಳೂರಿನ ದನಿ ಹಚ್ಚುವುದು ಎರಡೂ ಅನ್ಯಾಯ. ಕೊಂಕಣಿಯಿರಲಿ, ಹವಿಗನ್ನಡವಿರಲಿ, ಅವರದ್ದೇ ಮಾತು ಕೇಳಲಿ, ಕೆಳಗೆ ಅಕ್ಷರ ಬರಲಿ. ಕನ್ನಡದ ಉಪಶೀರ್ಷಿಕೆಗೆ ಒಂದು ವಿಶೇಷ ತೊಂದರೆ ಇದೆ: ಒತ್ತಕ್ಷರ. ಇಂಗ್ಲಿಷಿನ ಸಾಲಿನ ಅಂತರವನ್ನೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಕೆಳಗಿನ ಸಾಲಿನ ಒತ್ತು ಓಡುವ ಸುದ್ದಿಪಟ್ಟಿಯ ಹಿಂದೆ ಮುಚ್ಚಿಹೋಗುತ್ತದೆ. ‘ಮಣ್ಣು’ ‘ಮಣು’ ಆಗುತ್ತದೆ. ಎರಡೇ ಸಾಲು, ಅಂತರ ಧಾರಾಳ, ಕಡಿಮೆಯೆಂದರೆ ನಾಲ್ಕು ಸೆಕೆಂಡು.

ಕೊನೆಯದಾಗಿ ಒಂದು ಬೇಡಿಕೆ. ಶಿರೂರಿನಲ್ಲಿ ಹತ್ತಾರು ಕ್ಯಾಮೆರಾಗಳು ತೆಗೆದ, ಪ್ರಸಾರವಾಗದ ದೃಶ್ಯಗಳು ಚಾನೆಲ್‌ಗಳ ಡಿಸ್ಕುಗಳಲ್ಲಿ ಬಿದ್ದಿವೆ. ನೀರು ಯಾವ ಗಂಟೆಗೆ ಎಲ್ಲಿಂದ ಹರಿಯುತ್ತಿತ್ತು, ಮಣ್ಣಿನ ಯಾವ ಪದರ ಹೊರಬಿದ್ದಿತ್ತು, ಎರಡನೇ ದಿನ ಏನು ಜಾರಿತು, ಎಲ್ಲವೂ ಅದರಲ್ಲಿದೆ. ನಂತರ ಜೆಸಿಬಿ ಅದನ್ನೆಲ್ಲ ಅಳಿಸಿತು. ಚಾನೆಲ್‌ಗಳು ಜಾಗ ಖಾಲಿಮಾಡುವ ಮೊದಲು ಆ ದೃಶ್ಯಗಳನ್ನು ಜಿಲ್ಲಾ ಗ್ರಂಥಾಲಯಕ್ಕೋ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೋ ಕೊಡಲಿ. ಫೈಲಿನ ಹೆಸರಿನಲ್ಲಿ ತಾರೀಕು, ಗಂಟೆ, ಜಾಗ ಇರಲಿ. ಕ್ಯಾಮೆರಾದ ಗಡಿಯಾರ ತಪ್ಪಿದ್ದರೆ ಎಷ್ಟು ನಿಮಿಷ ತಪ್ಪಿತ್ತು ಎಂದು ಬರೆದಿರಲಿ. ವಾಟ್ಸ್‌ಆ್ಯಪಿನಲ್ಲಿ ಕಳಿಸಬಾರದು, ಗಂಟೆ–ಜಾಗದ ಗುರುತು ಅಳಿದುಹೋಗುತ್ತದೆ. ಎರಡು ಪ್ರತಿ ಮಾಡಿ, ಒಂದನ್ನು ಕಾರವಾರದಲ್ಲಿ, ಇನ್ನೊಂದನ್ನು ಘಟ್ಟದ ಮೇಲೆ ಶಿರಸಿಯಲ್ಲಿ ಇಡಬೇಕು. ದಂಡೆಯ ಉಪ್ಪುಗಾಳಿಗೆ ಹಾರ್ಡ್‌ಡಿಸ್ಕು ಬಹಳ ವರ್ಷ ಬಾಳುವುದಿಲ್ಲ.

— ಕಾರವಾರ ಮತ್ತು ಶಿರಸಿಯ ಕೆಲವು ಓದುಗರು